ಯುಗಾದಿಗೆ ಮುರಿದ ಚೆರ್ರಿ ಕೊಂಬೆ

2001ರ ಜನವರಿ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿದ ಗಂಡನ ಹಿಂದೆ ನಾನೂ ಧಾರವಾಡದಿಂದ ಜರ್ಮನಿಗೆ ಬಂದೆ. ಅವರು ದಿನಾ ರೈಲು ಹಿಡಿದು ಸೇಂಟ್ ಲಿಯೋನ್-ರೋಟ್ ಎಂಬ ಊರಿಗೆ ಕೆಲಸಕ್ಕೆ ಹೋಗುತ್ತಿದ್ದರು. ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಮನೆಯ ಹತ್ತಿರ ಒಂದು ಜಪಾನೀ ತೋಟವಿತ್ತು. ಪಾಚಿ ಬೆಳೆಸಿದ ನೆಲ, ಕಲ್ಲು, ಕೊಳ, ನೀರಿನ ಮೇಲೆ ಬಾಗಿದ ಒಂದು ಚೆರ್ರಿ ಮರ. ಹೊತ್ತು ಹೋಗದಾಗ ಅಲ್ಲಿ ಹೋಗಿ ಕೂರುತ್ತಿದ್ದೆ.

ಮಾರ್ಚ್‌ನಲ್ಲಿ ಆ ಚೆರ್ರಿ ಹೂಬಿಟ್ಟಿತು, ಯುಗಾದಿಯೂ ಬಂತು. ಧಾರವಾಡದ ನಮ್ಮ ಓಣಿಯಲ್ಲಿ ನೆರೆಮನೆಯ ಕಾಂಪೌಂಡಿನಾಚೆ ಚಾಚಿದ ಹೂವನ್ನು ಪೂಜೆಗೆ ಕೊಯ್ದರೆ ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಅದೇ ಧೈರ್ಯದಲ್ಲಿ ಬೆಳಗ್ಗೆಯೇ ಚೀಲ ಹಿಡಿದು ತೋಟಕ್ಕೆ ಹೋದೆ. ಎಟುಕದ ಹೂವಿಗಾಗಿ ಕೊಂಬೆ ಜಗ್ಗಿದೆ. ಅದು ಬುಡದಲ್ಲೇ ಸೀಳಿ ಜೋತುಬಿತ್ತು.

ತಿರುಗಿದರೆ ನರೆಗೂದಲಿನ ಮಾಲಿ ನಿಂತಿದ್ದರು. ಅವರು ಬೈಯಲಿಲ್ಲ. ಕೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡರು, ಅಷ್ಟೇ. ನಾನು ಚೀಲ ಬಿಸಾಕಿ ಓಡಿಬಂದೆ.

ಸಂಜೆ ವಿಷಯ ಕೇಳಿ ಗಂಡ ಗಾಬರಿಯಾದರು. “ಇನ್ನ ಆ ಕಡೆ ಕಾಲ ಇಡಬ್ಯಾಡ. ವೀಸಾಕ್ಕ ತ್ರಾಸ ಆಗ್ತದ.”

“ಮುರದಾಕಿ ನಾನು. ಹೋಗಿ ಹೇಳಿ ಬರ್ತೀನ್ರಿ,” ಅಂದೆ.

ದೇವರಿಗೆಂದು ಕೊಯ್ದೆ, ತಪ್ಪಾಯಿತು ಎನ್ನುವ ಜರ್ಮನ್ ವಾಕ್ಯವನ್ನು ಡಿಕ್ಷನರಿ ನೋಡಿ ಬಾಯಿಪಾಠ ಮಾಡಿ ಮರುದಿನ ಹೋಗಿ ಒಪ್ಪಿಸಿದೆ. ಸೀಳಿದ ಕೊಂಬೆಗೆ ಮಾಲಿ ಆಗಲೇ ಹಗ್ಗ ಬಿಗಿದು ಊರುಗೋಲು ಕೊಟ್ಟಿದ್ದರು. ಬದುಕುತ್ತದೋ ಇಲ್ಲವೋ ಬರುವ ವಸಂತಕ್ಕೇ ಗೊತ್ತಾಗುವುದು ಎಂದು ಅರ್ಧ ಕೈಸನ್ನೆಯಲ್ಲೇ ತಿಳಿಸಿದರು. ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳಲು ನಾನೂ ದಿನಾ ಬರುತ್ತೇನೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ನನಗೂ ಹಟ ಬಂತು.

ಬೇಸಿಗೆಯಲ್ಲಿ ಕೊಂಬೆಯಲ್ಲಿ ನಾಲ್ಕೇ ಎಲೆ. ಮಾಲಿ ನೀರಿನ ಡಬ್ಬಿ ನನ್ನ ಕೈಗಿಟ್ಟರು. ಶರತ್ಕಾಲದಲ್ಲಿ ಪಾಚಿಯ ಮೇಲೆ ಬಿದ್ದ ಮೇಪಲ್ ಎಲೆಗಳನ್ನು ಒಂದೊಂದಾಗಿ ಆರಿಸುವುದನ್ನು ಕಲಿಸಿದರು. ಪೊರಕೆ ಹಾಕಿದರೆ ಪಾಚಿ ಕಿತ್ತುಬರುತ್ತದಂತೆ. ಅಕ್ಕಿ ಆರಿಸಿ ಬೆಳೆದವಳಿಗೆ ಅದೇನು ಮಹಾ! ಚಳಿಗಾಲದಲ್ಲಿ ಹಿಮ ಬಿದ್ದಾಗಲೆಲ್ಲ ಆ ಒಂದು ಕೊಂಬೆಯ ಮೇಲಿನದನ್ನು ಬೆರಳಿನಿಂದ ಕೊಡವಿದೆ. ಕೈ ಮರಗಟ್ಟುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ.

ಅಧಿಕ ಮಾಸ ಬಂದುಹೋಗಿದ್ದರಿಂದ ಮುಂದಿನ ಯುಗಾದಿ ಏಪ್ರಿಲ್‌ಗೆ ಬಿತ್ತು. ಆ ಹೊತ್ತಿಗೆ ಕೊಂಬೆಯ ತುದಿಯಲ್ಲಿ ಒಂದು ಹಿಡಿ ಹೂವು ಅರಳಿ, ಉದುರುವುದಕ್ಕೂ ಶುರುವಾಗಿತ್ತು. ನೋಡಿ ಅತ್ತುಬಿಟ್ಟೆ. ಹಬ್ಬದ ದಿನ ಬರಿಗೈಯಲ್ಲಿ ಹೊರಟವಳನ್ನು ಮಾಲಿ ತಡೆದರು. ಮೊಣಕಾಲೂರಿ ಪಾಚಿಯ ಮೇಲಿಂದ ಹೂವು ಆರಿಸಿ ನನ್ನ ಬೊಗಸೆಗೆ ಹಾಕಿದರು.

“ಇವು ನಿನ್ನ ದೇವರಿಗೆ. ಇವನ್ನು ಯಾರೂ ಕಿತ್ತಿಲ್ಲ,” ಎಂದರು.

ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದೆಂದು ಅವ್ವ ಕಲಿಸಿದ್ದಳು. ಅವತ್ತು ಅವನ್ನೇ ಏರಿಸಿದೆ.

ಈಗ ಧಾರವಾಡದಲ್ಲಿದ್ದೇನೆ. ಪೂಜೆಗೆ ಹೂವು ಕೊಯ್ಯುವುದನ್ನು ಬಿಟ್ಟಿಲ್ಲ. ಆದರೆ ಒಂದು ಕೈ ಹೂವಿಗೆ ಹೋದಾಗ ಇನ್ನೊಂದು ಕೈ ತಾನಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ.