ಗುಳಿಗೆ ಬಿಟ್ಟ ವರ್ಷ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಮನೆ ಮೇಲವಂಕಿಯಲ್ಲಿ, ಡ್ಯೂಟಿ ಗೋಕಾಕದಿಂದ. ಮೊದಲ ಸಲ ಅದು ಬಂದಾಗ ಮೂಡಲಗಿ ಬಸ್ ನಿಲ್ದಾಣದಲ್ಲಿದ್ದೆ. ಹೃದಯ ನಿಂತೇಹೋಯಿತು ಅಂದುಕೊಂಡೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಎಲ್ಲ ಸರಿ ಇದೆ ಎಂದು ಮನೆಗೆ ಕಳಿಸಿದರು. ಅದು ಮತ್ತೆ ಮತ್ತೆ ಬರತೊಡಗಿದ ಮೇಲೆ ಗೋಕಾಕದ ಮನೋವೈದ್ಯರೊಬ್ಬರು ಅದರ ಹೆಸರು ಹೇಳಿದರು. ಪ್ಯಾನಿಕ್ ಅಟ್ಯಾಕ್. ಜೀವಕ್ಕೆ ಅಪಾಯವಿಲ್ಲ, ಆದರೆ ಜೀವ ಹೋದಂತೆಯೇ ಅನಿಸುತ್ತದೆ ಎಂದು ತಿಳಿಸಿ, ಗುಳಿಗೆ ಬರೆದುಕೊಟ್ಟರು.

ಗುಳಿಗೆ ಹಿಡಿಯಲು ಕೆಲವು ವಾರ ಬೇಕಾಯಿತು. ಆಮೇಲೆ ಊಟ ರುಚಿಸಿತು, ನಿದ್ದೆ ಬಂತು, ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನಗುತ್ತಲೇ ಓಡಾಡಿದೆ. ಮನೆಯಲ್ಲಿ ನಿಜ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅತ್ತೆ ಕೇಳಿದಾಗ ರಕ್ತ ಕಡಿಮೆ ಇದೆಯಂತೆ, ಅದಕ್ಕೆ ಗುಳಿಗೆ ಎಂದಿದ್ದೆ. ಮನಸ್ಸಿನ ಕಾಯಿಲೆ ಎಂದರೆ ಊರಿನಲ್ಲಿ ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ಎರಡು ವರ್ಷ ಕಳೆದವು. ಡಾಕ್ಟರು ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತ ಬಂದು, ಒಂದು ದಿನ ಇನ್ನು ಸಾಕು, ನಿಲ್ಲಿಸೋಣ ಎಂದರು. ಆ ಸಂಜೆ ಪೇಟೆಯಿಂದ ಕರದಂಟು ಒಯ್ದು ಎಲ್ಲರಿಗೂ ಹಂಚಿದೆ. ಯಾಕೆ ಏನು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಸಿಹಿಗೆ ಕಾರಣ ಬೇಕಿಲ್ಲ.

ಕೆಲವು ತಿಂಗಳು ಚೆನ್ನಾಗಿಯೇ ಹೋದವು. ನಂತರ ಸಣ್ಣಸಣ್ಣ ಸೂಚನೆ. ಟಿಕೆಟ್ ಮಷಿನ್ ಒತ್ತುವಾಗ ಬೆರಳು ಜುಮ್ಮೆನ್ನುವುದು, ಬಾಯಿ ಒಣಗುವುದು. ನಾಷ್ಟಾ ಮಾಡಿಲ್ಲ, ಅದಕ್ಕೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಷ್ಟಾ ಮಾಡಿದ ದಿನವೂ ಆಯಿತು.

ಒಂದು ಸೋಮವಾರ ಬೆಳಿಗ್ಗೆ ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಿದ್ದೆವು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ನಮ್ಮ ಬಸ್ಸುಗಳಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಸೋಮವಾರವಂತೂ ಕೇಳುವುದೇ ಬೇಡ. ನಾನು ನಡುವೆ ಸಿಕ್ಕಿಕೊಂಡಿದ್ದೆ. ಯಾರೋ ಆಧಾರ್ ಕಾರ್ಡ್ ಚಾಚಿದರು. ಕಾರ್ಡಿನ ಮೇಲಿನ ಮುಖ ಕಾಣುತ್ತಿತ್ತು, ಆದರೆ ಅದು ಮುಖ ಎಂದು ತಲೆಗೆ ಹೋಗಲಿಲ್ಲ. ಎದೆ ಬಿಗಿಯಿತು. ಬಸ್ಸಿನ ಗದ್ದಲವೆಲ್ಲ ದೂರ ಸರಿದು, ನನ್ನ ಎದೆಬಡಿತ ಒಂದೇ ಕಿವಿ ತುಂಬ ಉಳಿಯಿತು. ಹೇಗೋ ಬೆಲ್ ಹೊಡೆದೆ.

ಅಲ್ಲಿ ಸ್ಟಾಪ್ ಇರಲಿಲ್ಲ. ರಸ್ತೆಯ ಎರಡೂ ಕಡೆ ಕಬ್ಬು. ಆದರೂ ಡ್ರೈವರ್ ಬಸ್ ನಿಲ್ಲಿಸಿದರು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು, ನಾನು ಕಾಕಾ ಅನ್ನುತ್ತಿದ್ದೆ. ಜನರನ್ನು ನೂಕಿಕೊಂಡು ಇಳಿದು ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕುಳಿತೆ. ಕಾಕಾ ಇಳಿದು ಬಂದು ಏನಾಯಿತೆಂದು ಕೇಳಿದರು.

"ಸಾಯಾಕತ್ತೇನಿ ಅನ್ಸಾಕತ್ತೈತ್ರಿ ಕಾಕಾ," ಅಂದೆ. ಗಂಡನನ್ನೂ ಡಾಕ್ಟರನ್ನೂ ಬಿಟ್ಟು ಈ ಮಾತನ್ನು ನಾನು ಯಾರ ಮುಂದೂ ಆಡಿರಲಿಲ್ಲ. ಮೊದಲೂ ಹೀಗೆ ಆಗುತ್ತಿತ್ತು, ಗುಳಿಗೆ ಬಿಟ್ಟಿದ್ದೇನೆ ಎಂದೂ ಹೇಳಿಬಿಟ್ಟೆ.

ಹೆದರಬೇಡ, ಏನೂ ಆಗಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. "ಗಾಡಿ ಬಂದ್ ಮಾಡೇನಿ ತಂಗಿ. ನೀ ಹತ್ತೂ ಮಟಾ ಬಸ್ ಹೋಗಂಗಿಲ್ಲ," ಎಂದು ಹೇಳಿ ಪಕ್ಕದಲ್ಲೇ ನಿಂತರು.

ಬಸ್ಸಿನಿಂದ ಒಬ್ಬ ಮುದುಕಿ ಮೆಲ್ಲಗೆ ಇಳಿದು ಬಂದಳು. ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಹೊರಟವಳು, ಕಂಕುಳಲ್ಲಿ ಕೂಸಿನ ತಲೆಗೆ ಹಾಕುವ ಹೊಸ ಕುಲಾಯಿಯ ಗಂಟು. ನನ್ನ ಬಾಜೂ ಕುಳಿತು, ಬಾಟಲಿಯ ನೀರು ಕೊಟ್ಟು, ನನ್ನ ಮುಖವನ್ನೇ ನೋಡಿದಳು.

"ನನ್ನ ಮಗಳಿಗೂ ಹಿಂಗ ಆಗತೈತಿ ಯವ್ವಾ. ಬಾಂವ್ಯಾಗ ಮುಳುಗಿದಾಂಗ, ಹೌದಿಲ್ಲೋ?"

ಹೌದೆಂದು ತಲೆಯಾಡಿಸಿದೆ. ಆಗ ಮಗಳು ಏನು ಮಾಡುತ್ತಾಳೆ ಎಂದು ಕೇಳಿದೆ.

"ಏನ್ ಮಾಡ್ತಾಳ? ಕುಂದರತಾಳ. ಅದು ಹೋಗೂ ಮಟಾ ಕುಂದರತಾಳ. ಆಮ್ಯಾಲ ಎದ್ದು ರೊಟ್ಟಿ ಬಡೀತಾಳ."

ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಕಿಟಕಿಯಿಂದ ಒಬ್ಬರು, ಗೋಕಾಕ ಕೋರ್ಟಿನಲ್ಲಿ ತಮ್ಮ ತಾರೀಖು ಇದೆ, ತಡವಾಗುತ್ತದೆ ಎಂದು ಕೂಗಿದರು. ವಕೀಲರಿಗೆ ಫೋನ್ ಹಚ್ಚಲು ಹೇಳಿ ಮುದುಕಿ ಅವರ ಬಾಯಿ ಮುಚ್ಚಿಸಿದಳು. ಅವರು ನಿಜವಾಗಿಯೂ ಫೋನ್ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಕೈಗೆ ಬಿಸಿ ಮರಳಿತು, ಕಬ್ಬಿನ ಗರಿಗಳ ಸರಸರ ಕೇಳಿಸಿತು. ಎದ್ದೆ.

ಮತ್ತೆ ಹತ್ತಿದಾಗ ಜನ ನನ್ನ ಸೀಟನ್ನು ಖಾಲಿ ಮಾಡಿಟ್ಟಿದ್ದರು. ನಾನು ಏಳುವಂತಿಲ್ಲ ಎಂದು ಯಾರೋ ತೀರ್ಮಾನ ಮಾಡಿದ್ದರು. ಟಿಕೆಟ್ ಆಗದವರು ಒಬ್ಬೊಬ್ಬರಾಗಿ ನನ್ನ ಹತ್ತಿರವೇ ಬಂದು ತೆಗೆಸಿಕೊಂಡು ಹಿಂದಕ್ಕೆ ಹೋದರು. ಅಂಥ ಶಿಸ್ತಿನ ಬಸ್ಸನ್ನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಡಾಕ್ಟರ ಹತ್ತಿರ ಮತ್ತೆ ಹೋಗಲು ಮಾತ್ರ ಮನಸ್ಸಿರಲಿಲ್ಲ. ಪಾಸಾದ ಪರೀಕ್ಷೆಯಲ್ಲಿ ಆಮೇಲೆ ನಪಾಸು ಅಂದಂತಾಗಿತ್ತು. ನಡೆದದ್ದನ್ನು ಗಂಡನಿಗೆ ಹೇಳಿದ್ದೆ. ಅವರು ಹೆಚ್ಚು ಮಾತಾಡುವವರಲ್ಲ; ರಜೆಯ ದಿನ ಮೋಟರ್ ಸೈಕಲ್ ತೊಳೆದು ಬಾಗಿಲಿಗೆ ನಿಲ್ಲಿಸಿ, ನಾನು ಸೀರೆ ಬದಲಿಸುವುದನ್ನೇ ಕಾಯುತ್ತ ಕುಳಿತರು.

ಡಾಕ್ಟರು ನನ್ನನ್ನು ಬೈಯಲಿಲ್ಲ, ಅವರಿಗೆ ಆಶ್ಚರ್ಯವೂ ಆಗಲಿಲ್ಲ. ಕೆಲವರಿಗೆ ಮತ್ತೆ ಬರುತ್ತದೆ, ಅದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ವಿವರಿಸಿದರು. ಗುಳಿಗೆ ಮತ್ತೆ ಶುರುವಾಯಿತು. ಜೊತೆಗೆ ಒಬ್ಬ ಆಪ್ತಸಮಾಲೋಚಕಿಯನ್ನು ಕಾಣಲು ಹೇಳಿದರು. ಏಳುವಾಗ, "ಈ ಸಲ ಗುಳಿಗಿ ಬಿಡೂ ಅವಸರ ನಮ್ಮಿಬ್ಬರಿಗೂ ಬ್ಯಾಡ್ರಿ," ಅಂದರು. ಆ 'ನಮ್ಮಿಬ್ಬರಿಗೂ' ಎಂಬ ಮಾತು ನನಗೆ ಹಿತವಾಯಿತು. ಸಮಾಲೋಚಕಿ ಕಲಿಸಿದ್ದು, ಅದು ಬಂದಾಗ ಓಡದೆ ಕುಳಿತು ಅದನ್ನು ಸುಮ್ಮನೆ ಗಮನಿಸುವುದನ್ನು. ಮುದುಕಿಯ ಮಗಳು ಯಾರೂ ಕಲಿಸದೆ ಮಾಡುತ್ತಿದ್ದದ್ದೂ ಅದನ್ನೇ.

ಡಾಕ್ಟರನ್ನು ಕಂಡು ಬಂದ ದಿನವೇ ಅತ್ತೆಗೆ ಎಲ್ಲ ಹೇಳಿದೆ. ಅವರು ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸದೆ ಕೊನೆಯವರೆಗೂ ಕೇಳಿಸಿಕೊಂಡರು. ಮನಸ್ಸಿನ ಕಾಯಿಲೆ ಎಂದದ್ದಕ್ಕೆ ಅವರ ಮುಖ ಬದಲಾಗಲಿಲ್ಲ. ಸಿಟ್ಟು ಬಂದದ್ದು ಬೇರೆಯದಕ್ಕೆ.

"ಅಂದ್ರ ರಕ್ತ ಕಮ್ಮಿ ಇರಲಿಲ್ಲೇನ? ಎರಡು ವರ್ಷ ದಿನಾ ನಿನಗ ಬೀಟ್ರೂಟ್ ಕುದಿಸಿ ಹಾಕೇನಲ್ಲ."

ನನಗೆ ಬೀಟ್ರೂಟ್ ಎಂದರೆ ಆಗುವುದಿಲ್ಲ, ಒಂದು ದಿನವೂ ಇಷ್ಟಪಟ್ಟು ತಿಂದಿಲ್ಲ ಎಂದೆ. ತಮಗೂ ಆಗುವುದಿಲ್ಲ, ನನಗೆ ಜೊತೆಯಾಗಲೆಂದು ತಾವೂ ತಿನ್ನುತ್ತಿದ್ದುದಾಗಿ ಹೇಳಿದರು. ಇಬ್ಬರೂ ನಕ್ಕೆವು, ನಗುತ್ತಲೇ ನನಗೆ ಅಳು ಬಂತು. ಅವರು ಸೊಪ್ಪಿನ ಮೊರವನ್ನು ನನ್ನ ಕಡೆ ಸರಿಸಿದರು. ಉಳಿದದ್ದನ್ನು ಇಬ್ಬರೂ ಸೋಸಿದೆವು.

ಕಾಕಾ ಈಗ ನಿವೃತ್ತರು. ನನಗೆ ಕಲ್ಲೋಳಿ ಮೇಲಿಂದ ಮೂಡಲಗಿಗೆ ಹೋಗುವ ರೂಟ್ ಸಿಕ್ಕಿದೆ. ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ; ಯಾವಾಗ ಬಿಡುವುದು, ಬಿಡುವುದೋ ಇಲ್ಲವೋ ಎಂಬ ಯೋಚನೆ ಮೊದಲಿನ ಹಾಗೆ ಕಾಡುವುದಿಲ್ಲ. ಅಟ್ಯಾಕ್ ಈಗಲೂ ಒಮ್ಮೊಮ್ಮೆ ಬರುತ್ತದೆ, ಮೊದಲಿನಷ್ಟು ಜೋರಾಗಿ ಅಲ್ಲ. ಮೊನ್ನೆ ಕಲ್ಲೋಳಿಯಲ್ಲಿ ಬಸ್ ನಿಂತಾಗ ಬೆರಳು ಜುಮ್ಮೆಂದವು. ಬಾಗಿಲ ಪಕ್ಕದ ನನ್ನ ಸೀಟಿನಲ್ಲಿ ಕುಳಿತು, ಎದೆ ಹೊಡೆದುಕೊಳ್ಳುವಷ್ಟು ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಹೊರಗೆ ಬಿಸಿಲು ಚೆನ್ನಾಗಿತ್ತು. ಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಾಗಿಲಿಗೆ ಬಂದು, ಬಸ್ ಮೂಡಲಗಿಗೆ ಹೋಗುತ್ತದೆಯೇ ಎಂದು ಕೇಳಿದಳು.

"ಹೋಗತೈತ್ರಿ, ಬರ್ರಿ," ಎಂದು ಬುಟ್ಟಿಗೆ ಕೈ ಕೊಟ್ಟೆ.