ಕಸ್ತೂರಿಯ ರೊಕ್ಕ ಕಾಯಿನ್ ಆದದ್ದು

ಹೋದ ತಿಂಗಳು ಬೀಳಗಿ ಬಸ್ ಸ್ಟ್ಯಾಂಡಿನ ಹತ್ತಿರ ಮುಖಪರಿಚಯವೂ ಇಲ್ಲದ ಒಬ್ಬರ ಅಂಗಡಿಗೆ ಹೋಗಿ, 'ನಿಮ್ಮ ಫೋನಿಗೆ ಈಗ ಒಂದು ಒಟಿಪಿ ಬರ್ತದರಿ, ಅದನ್ನ ನಮಗ ಹೇಳ್ರಿ' ಎಂದು ಕೇಳಿದೆ.

ಹೌದು, ನಾನೇ. ಒಟಿಪಿಯನ್ನು ಹೆತ್ತ ತಾಯಿಗೂ ಹೇಳಬೇಡಿ ಎಂದು ಇದೇ ಅಂಕಣದಲ್ಲಿ ಎರಡು ಸಲ ಬರೆದವಳು.

ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ನಡೆದದ್ದನ್ನು ಪೂರ್ತಿ ಕೇಳಿ ಬೈಯಿರಿ. ಅಷ್ಟರೊಳಗೆ ಯಾರನ್ನು ಬೈಯಬೇಕು ಅನ್ನುವುದು ಬದಲಾಗಿರುತ್ತದೆ.

ಇದು ಶುರುವಾದದ್ದು ಜಮಖಂಡಿಯ ನಮ್ಮ ಮನೆಯಲ್ಲಿ, ನನ್ನ ಫೋನಿನಿಂದ. ಬನಹಟ್ಟಿಯಿಂದ ಕಸ್ತೂರಿ ಬಂದಿದ್ದಳು. ನನ್ನ ಕಾಕಾನ ಮಗಳು. ಗಂಡ ಹೆಂಡತಿ ಮನೆಯಲ್ಲೇ ಎರಡು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಾರೆ. ಹೊಸ ಸೀರೆಗಳ ಫೋಟೋ ಕಳಿಸುತ್ತೇನೆ ಅಂದಳು. ಕಳಿಸಿದಳು. ನನ್ನ ಫೋನು 'ಜಾಗ ಇಲ್ಲ' ಅಂದಿತು. ಸರಿ, ಬೇಡದ ಆ್ಯಪ್‌ಗಳನ್ನು ತೆಗೆದು ಹಾಕೋಣ ಎಂದು ಇಬ್ಬರೂ ಚಹಾ ಹಿಡಿದುಕೊಂಡು ಕೂತೆವು.

ಎಷ್ಟು ಆ್ಯಪ್‌ಗಳು ಅಂತೀರಿ! ಔಷಧದ್ದು, ಕಿರಾಣಿಯದ್ದು, ಯೋಗ ಕಲಿಸುವುದು (ಎರಡು ದಿನ ಕಲಿತಿದ್ದೆ). ಬಸ್ ಟಿಕೆಟ್ಟಿನ ಒಂದು ಆ್ಯಪ್ ತೆಗೆಯುವ ಮುನ್ನ ಸುಮ್ಮನೆ ಒಳಗೆ ಇಣುಕಿದೆ. ವಾಲೆಟ್ ಎಂಬಲ್ಲಿ ನಾಲ್ಕುನೂರ ಹನ್ನೆರಡು ರೂಪಾಯಿ! ಯಾವಾಗಲೋ ರದ್ದು ಮಾಡಿದ ಪುಣೆ ಪ್ರಯಾಣದ ಹಣ. ಖುಷಿಯಾಯಿತು. ಒತ್ತಿದೆ. 'ಅವಧಿ ಮುಗಿದಿದೆ' ಎಂದು ಬೂದು ಬಣ್ಣದ ಅಕ್ಷರ ಬಂತು. ಅಂದರೆ ಹಣ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕೊಡದಿದ್ದರೆ ತೋರಿಸುವುದಾದರೂ ಯಾಕೆ? ಉರಿಸುವುದಕ್ಕೆ?

ಆಗ ಕಸ್ತೂರಿ ಲೋಟ ಕೆಳಗಿಟ್ಟಳು. 'ಅಕ್ಕಾ, ನಂದೂ ಒಂದ ಆ್ಯಪಿನಾಗ ರೊಕ್ಕ ಉಳದಾವ ನೋಡಬೇ. ನಾ ಮರತ ಬಿಟ್ಟಿದ್ನಿ.'

ಅವಳ ಕತೆ ಇಷ್ಟು. ಕೆಲ ವರ್ಷಗಳ ಹಿಂದೆ ಒಂದು ಆನ್‌ಲೈನ್ ಮಾರಾಟದ ಆ್ಯಪಿನಲ್ಲಿ ತಾನೇ ಸೀರೆ ಮಾರಲು ಶುರು ಮಾಡಿದ್ದಳು. ಫೋಟೋ ತೆಗೆಯುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಎಲ್ಲ ಅವಳೇ. ಪ್ರತಿ ಪ್ಯಾಕೆಟ್ಟಿನಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದ ಚೀಟಿ ಇಡುತ್ತಿದ್ದಳು. ಸ್ವಲ್ಪ ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಸೀರೆಗಳು ವಾಪಸ್ ಬರತೊಡಗಿದವು. ಉಟ್ಟು, ಅರಿಶಿನದ ಕಲೆ ಮಾಡಿ, 'ಇಷ್ಟವಾಗಲಿಲ್ಲ' ಎಂದು ಕಳಿಸುವವರು. ವಾಪಸ್ ಬಂದ ಖರ್ಚೂ ಇವಳ ತಲೆ ಮೇಲೆ. ಸಾಕಾಗಿ ನಿಲ್ಲಿಸಿಬಿಟ್ಟಳು.

ನಿಲ್ಲಿಸಿದಾಗ ಆ್ಯಪಿನ ವಾಲೆಟ್ಟಿನಲ್ಲಿ ನಾಲ್ಕು ಸಾವಿರದ ಮುನ್ನೂರ ಹದಿನಾರು ರೂಪಾಯಿ ಇತ್ತು. ಯಾಕೆ ತೆಗೆದುಕೊಳ್ಳಲಿಲ್ಲ? ಐದು ಸಾವಿರ ಆಗುವ ತನಕ ತೆಗೆಯುವಂತಿಲ್ಲ. ಅದು ಅವರ ನಿಯಮ. ಇನ್ನೊಂದು ಸೀರೆ ಮಾರಿದ್ದರೆ ಸಾಕಿತ್ತು.

'ಹೋಗ್ಲಿ ಬಿಡು ಅಂತ ಸುಮ್ಮನಾದ್ನಿ. ಆದ್ರ ಅಕ್ಕಾ, ಮಗ್ಗದ ರೊಕ್ಕ ಎಲ್ಲಾ ನಮ್ಮ ಮನಿಯವರ ಹೆಸರಿಗೇ ಬರ್ತೈತಿ. ಇದೊಂದ ನನ್ನ ಹೆಸರಿಂದು' ಅಂದಳು.

ಆ ಮಾತು ಕೇಳಿದ ಮೇಲೆ ನಾನು ಬಿಡುವವಳಲ್ಲ.

ಅವಳ ಫೋನಿಗೆ ಆ ಆ್ಯಪನ್ನು ಮತ್ತೆ ಇಳಿಸಿದೆವು. ಒಳಗೆ ಹೋಗಬೇಕಾದರೆ ಹಳೆಯ ನಂಬರಿಗೆ ಒಟಿಪಿ. ಹಳೆಯ ನಂಬರು ಎಲ್ಲಿದೆ? ರೀಚಾರ್ಜ್ ದರ ಏರಿದಾಗ ಎರಡು ಸಿಮ್ ಯಾಕೆ ಎಂದು ಒಂದನ್ನು ಬಿಟ್ಟಿದ್ದಳು. ನೀವೂ ಬಿಟ್ಟಿರುತ್ತೀರಿ. ಹಾಗಾದರೆ ನಂಬರು ಬದಲಿಸೋಣ? ಬದಲಿಸಲು ಒಟಿಪಿ ಬೇಕು. ಯಾವ ನಂಬರಿಗೆ? ಹಳೆಯ ನಂಬರಿಗೆ! ಸಹಾಯಕ್ಕೆಂದು ಒಂದು ಚಾಟ್ ಇದೆ. ಅದರಲ್ಲಿ ಮನುಷ್ಯರಿಲ್ಲ. ಏನೇ ಬರೆದರೂ 'ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ' ಎನ್ನುತ್ತದೆ. ಮುಕ್ಕಾಲು ಗಂಟೆ ಅದರ ಜೊತೆ ಜಗಳವಾಡಿದೆ. ಮಿಷನ್ ಜೊತೆ ಜಗಳವಾಡಿ ಗೆದ್ದವರು ಯಾರಿದ್ದಾರೆ?

ಕಡೆಗೆ ಕಸ್ತೂರಿಯೇ ತನ್ನ ಹಳೆಯ ನಂಬರಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದಳು. ಗಂಡಸಿನ ದನಿ.

'ಯಾರ್ರೀ?'

'ನಾ ಕಸ್ತೂರಿ ಅಂತ್ರಿ. ಈ ನಂಬರ್ ಮೊದಲ ನಂದಿತ್ತು.'

'ಅಯ್ಯ, ನೀವ ಏನ್ರೀ ಆ ಕಸ್ತೂರಿ! ಸಿಮ್ ತಗೊಂಡಾಗಿಂದ ನನಗ ಸೀರಿ ರೇಟ್ ಕೇಳಿ ಕೇಳಿ ಸಾಕ ಮಾಡ್ಯಾರ್ರಿ ಮಂದಿ!'

ಅವರ ಹೆಸರು ರಾಜೇಸಾಬ. ಬೀಳಗಿಯಲ್ಲಿ ಮಿಕ್ಸರ್, ಫ್ಯಾನ್ ರಿಪೇರಿ ಅಂಗಡಿ. ಬಹಳ ಮರ್ಯಾದಸ್ತ ಮನುಷ್ಯ. ಆದರೆ ಒಟಿಪಿ ಅಂದ ಕೂಡಲೇ ದನಿ ಬಿಗಿಯಾಯಿತು.

'ಅದೊಂದ ಕೇಳಬ್ಯಾಡ್ರಿ ಯವ್ವಾ. ನಮ್ಮ ತಮ್ಮ ಹಿಂಗ ಹೇಳಿ ಹನ್ನೆರಡು ಸಾವಿರ ಕಳಕೊಂಡಾನ. ನೀವ ಖರೆ ಇದ್ರ ಅಂಗಡಿಗೆ ಬರ್ರಿ. ನಿಮ್ಮ ಮಾರಿ ನೋಡಿ ಮಾತಾಡೂಣು.'

ಅವರ ಮಾತಿನಲ್ಲಿ ತಪ್ಪೇನಿದೆ? ಮರುದಿನ ಬಸ್ಸು ಹತ್ತಿದೆವು. (ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಇಲ್ಲದಿದ್ದರೆ ಟಿಕೆಟ್ಟಿನ ಲೆಕ್ಕ ನೋಡಿಯೇ ನಾವು ಸುಮ್ಮನಾಗುತ್ತಿದ್ದೆವು. ನಾವು ಸುಮ್ಮನಾಗಲಿ ಎಂದೇ ತಾನೇ ಆ್ಯಪಿನವರ ಈ ಆಟ?) ದಾರಿಯುದ್ದ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ತೆವಳುತ್ತ ಬೀಳಗಿ ಮುಟ್ಟುವಾಗ ಮಧ್ಯಾಹ್ನ.

ರಾಜೇಸಾಬರು ಸ್ಟೂಲು ಕೊಟ್ಟರು, ನೀರು ಕೊಟ್ಟರು, ಆಧಾರ್ ಕಾರ್ಡು ಕೇಳಿದರು. ಕನ್ನಡಕ ಏರಿಸಿ ಫೋಟೋ ನೋಡಿದರು, ಕಸ್ತೂರಿಯನ್ನು ನೋಡಿದರು. ಆದರೂ ಸಮಾಧಾನವಾಗಲಿಲ್ಲ.

'ಗದಗಿನ ಬಾಯಿ ಒಬ್ಬಾಕಿ ಮೂರ ಸಲ ಫೋನ್ ಮಾಡ್ಯಾಳ್ರಿ ನಿಮ್ಮನ್ನ ಕೇಳಿ. ಆಕಿಗಿ ಯಾವ ಬಣ್ಣದ ಸೀರಿ ಬೇಕ ಹೇಳ್ರಿ?'

ಕಸ್ತೂರಿ ಒಂದು ಕ್ಷಣವೂ ಯೋಚಿಸಲಿಲ್ಲ. 'ಗಿರಿಜಕ್ಕ ಅಲ್ರೀ? ಆಕಿ ಹಸರ ಬಿಟ್ಟ ಬ್ಯಾರೆ ಉಡಂಗಿಲ್ಲ. ಅಂಚ ಕೆಂಪ ಇರಬೇಕು.'

'ಹಾಂ! ಖರೆ ಅದೀರಿ ನೀವು!' ಎಂದು ನಕ್ಕರು. ಕಸ್ತೂರಿಯ ಫೋನಿನ ಪರದೆ ತೋರಿಸಿ ಅಂದರು, ಯಾವ ಆ್ಯಪು ಎಂದು ನೋಡಿದರು, ತಮ್ಮ ಫೋನಿಗೆ ಬಂದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು.

ಆ್ಯಪು ತೆರೆಯಿತು. ಮೇಲ್ಗಡೆ ಬಲೂನು, ಹೂವು. 'ಮರಳಿ ಸ್ವಾಗತ, ಕಸ್ತೂರಿ!' ಕೆಳಗೆ 4316. ಕಸ್ತೂರಿಯ ಮುಖ ಅರಳಿತು. ನಾನು ಕನ್ನಡಕ ಹಾಕಿಕೊಂಡೆ. ಅಂಕಿಯ ಹಿಂದೆ ರೂಪಾಯಿ ಚಿಹ್ನೆ ಇರಲಿಲ್ಲ. ಒಂದು ಹಳದಿ ಕಾಯಿನ್ನಿನ ಚಿತ್ರ ಇತ್ತು.

ಬಹಳ ದಿನ ಬಳಸದ ವಾಲೆಟ್‌ಗಳ ಹಣವನ್ನು ಹೊಸ ನಿಯಮದ ಪ್ರಕಾರ 'ಕಾಯಿನ್' ಆಗಿ ಬದಲಿಸಲಾಗಿದೆಯಂತೆ. ಕಾಯಿನ್ನನ್ನು ಬ್ಯಾಂಕಿಗೆ ಹಾಕಿಕೊಳ್ಳುವಂತಿಲ್ಲ. ಅದೇ ಆ್ಯಪಿನಲ್ಲಿ ಸಾಮಾನು ಕೊಳ್ಳಬೇಕು. ಅದೂ ಒಂದು ಆರ್ಡರಿನ ಬೆಲೆಯಲ್ಲಿ ಹತ್ತು ಪರ್ಸೆಂಟಿಗೆ ಮಾತ್ರ. ಉಳಿದದ್ದು ಕೈಯಿಂದ. ಇನ್ನು ಹತ್ತೊಂಬತ್ತು ದಿನದಲ್ಲಿ ಕಾಯಿನ್ನೂ ಮಾಯ.

ಅರ್ಥವಾಯಿತಲ್ಲ? ತನ್ನ ನಾಲ್ಕು ಸಾವಿರ ಚಿಲ್ಲರೆ ಪಡೆಯಲು ಕಸ್ತೂರಿ ನಲವತ್ತಮೂರು ಸಾವಿರದ ಸಾಮಾನು ಕೊಳ್ಳಬೇಕು. ಹತ್ತೊಂಬತ್ತು ದಿನದಲ್ಲಿ. ಇದನ್ನು ನಮ್ಮೂರ ಸಂತೆಯಲ್ಲಿ ಯಾರಾದರೂ ಮಾಡಿದ್ದರೆ ಏನು ಹೆಸರಿಡುತ್ತಿದ್ದೆವು? ಆ್ಯಪಿನಲ್ಲಿ ಮಾಡಿದರೆ ಮಾತ್ರ ಅದು ಪಾಲಿಸಿ ಯಾಕಾಗುತ್ತದೆ?

'ಮುಂಚಿತವಾಗಿ ಸಂದೇಶ ಕಳಿಸಲಾಗಿತ್ತು' ಎಂದೂ ಬರೆದಿದ್ದರು. ಯಾವ ನಂಬರಿಗೆ? ರಾಜೇಸಾಬರು ತಮ್ಮ ಮೆಸೇಜುಗಳನ್ನು ಹಿಂದಕ್ಕೆ ತಿರುವಿ ತಿರುವಿ ಹುಡುಕಿ ತೆಗೆದರು. ಇತ್ತು! ಇಂಗ್ಲಿಷಿನಲ್ಲಿ. ಅವರು ಜಾಹೀರಾತು ಅಂದುಕೊಂಡಿದ್ದರು.

ಕಸ್ತೂರಿ ಸೆರಗಿನ ತುದಿಯಿಂದ ಫೋನಿನ ಪರದೆ ಒರೆಸಿದಳು, ಒರೆಸಿದರೆ ರೂಪಾಯಿ ಬಂದೀತು ಅನ್ನುವ ಹಾಗೆ.

ಸಿಟ್ಟಿಗೆದ್ದವರು ರಾಜೇಸಾಬರು. ಎದ್ದು ನಿಂತು ಹಿಂದಿನ ಹಲಗೆ ತೋರಿಸಿದರು. ಏಳೆಂಟು ಮಿಕ್ಸರ್, ಎರಡು ಇಸ್ತ್ರಿ, ಒಂದು ಟೇಬಲ್ ಫ್ಯಾನ್. ಪ್ರತಿಯೊಂದಕ್ಕೂ ಹೆಸರಿನ ಚೀಟಿ.

'ಇವೆಲ್ಲಾ ಮಂದಿ ರಿಪೇರಿಗಿ ಕೊಟ್ಟ ಮರತ ಹೋಗ್ಯಾರ್ರಿ. ಆ ಫ್ಯಾನಿಂದು ನಾಕ ವರ್ಷ ಆತು. ನಾ ಇವನ್ನ ಮಾರಕೊಂಡೀನೇನ್ರಿ? ನಾಳಿ ಬಂದ ಕೇಳಿದ್ರ, ನಿಮ್ಮ ಫ್ಯಾನ್ ಕಾಯಿನ್ ಆತು ಅನ್ನಾಕ ಬರ್ತೈತೇನ್ರಿ? ಹಂಗ ಅಂದ್ರ ಬಿಡ್ತಾರೇನ್ರಿ ಬೀಳಗ್ಯಾಗ?'

ಬಿಡುವುದಿಲ್ಲ. ರಾಜೇಸಾಬರ ಅಂಗಡಿಗೆ ಬಾಗಿಲಿದೆ, ಮುಂದೆ ನಿಂತು ಕೂಗಬಹುದು. ಆ್ಯಪಿಗೆ ಬಾಗಿಲೆಲ್ಲಿದೆ? ಕೂಗಿದರೆ ಮಿಷನ್ನು 'ನಿಮ್ಮ ಭಾವನೆ ಅರ್ಥವಾಗುತ್ತದೆ' ಎನ್ನುತ್ತದೆ.

ಹೊರಡುವಾಗ ರಾಜೇಸಾಬರು ಕಸ್ತೂರಿಯ ಹೊಸ ನಂಬರು ಬರೆದುಕೊಂಡರು. 'ಗದಗಿನ ಬಾಯಿಗಿ ಕೊಡ್ತೀನ್ರಿ. ಪಾಪ, ಭಾಳ ದಿನದಿಂದ ಹುಡುಕಾಕತ್ತಾಳ.' ಅದೇ ಸಂಜೆ ಗಿರಿಜಕ್ಕನ ಫೋನು ಬಂತು. ಹಸಿರು ಸೀರೆ, ಕೆಂಪು ಅಂಚು, ಎರಡು. ಅಷ್ಟು ದೊಡ್ಡ ಕಂಪನಿ ಕಳೆದ ಗಿರಾಕಿಯನ್ನು ಮಿಕ್ಸರ್ ರಿಪೇರಿಯವರು ಹುಡುಕಿ ಕೊಟ್ಟರು. ಕಮಿಷನ್ ಇಲ್ಲದೆ.

ನಾವು ಮಾತ್ರ ಸುಮ್ಮನಾಗಲಿಲ್ಲ. ಸರ್ಕಾರದ ಗ್ರಾಹಕ ಸಹಾಯವಾಣಿಗೆ ದೂರು ಬರೆದೆವು. ಮಾರಿದ ಸೀರೆಗಳ ಪಟ್ಟಿ, ಪರದೆಯ ಫೋಟೋ, ಪಾಸ್‌ಬುಕ್ಕಿನ ಪುಟ ಎಲ್ಲ ಹಚ್ಚಿದೆವು. 'ಗ್ರಾಹಕರ ನಿಯಮ ಮಾರಾಟಗಾರರಿಗೆ ಅನ್ವಯಿಸುವುದಿಲ್ಲ' ಎಂದು ಮೊದಲು ಕಂಪನಿ ನುಣುಚಿಕೊಳ್ಳಲು ನೋಡಿತು. ಮತ್ತೆ ಬರೆದೆವು. ನಾನು ಅಂಕಣ ಬರೆಯುತ್ತೇನೆ ಎನ್ನುವುದನ್ನೂ ಬರೆದೆ. (ನಾಚಿಕೆಯೇನಿಲ್ಲ.) ಕಾಯಿನ್ನು ಸಾಯಲು ಮೂರು ದಿನ ಇರುವಾಗ ಕಸ್ತೂರಿಯ ಬ್ಯಾಂಕಿಗೆ ನಾಲ್ಕು ಸಾವಿರದ ಮುನ್ನೂರ ಹದಿನಾರು ರೂಪಾಯಿ ಬಂತು. ಪೂರ್ತಿ.

ಅಂದರೆ ಕೊಡಲು ಆಗುತ್ತಿತ್ತು. ಬರೀ ಮನಸ್ಸಿರಲಿಲ್ಲ.

ನಿಮ್ಮ ಫೋನುಗಳನ್ನೂ ಇವತ್ತು ತೆರೆದು ನೋಡಿ. ನೂರೋ ಇನ್ನೂರೋ ಇದ್ದರೂ ತೆಗೆದುಕೊಳ್ಳಿ. ಕೊಡದಿದ್ದರೆ ಜಗಳ ಮಾಡಿ. ಚಿಲ್ಲರೆಗೆಲ್ಲ ಯಾರು ಜಗಳ ಮಾಡುತ್ತಾರೆ ಎಂದು ನೀವು ನಾಚಿಕೊಳ್ಳುತ್ತೀರಲ್ಲ, ಆ ನಾಚಿಕೆಯ ಮೇಲೆ ಈ ದಂಧೆ ನಡೆಯುತ್ತಿದೆ.

ಹಣದ ಜೊತೆ ಕಂಪನಿಯಿಂದ ಒಂದು ಪತ್ರವೂ ಬಂದಿತ್ತು. 'ಸದ್ಭಾವನೆಯ ಸಂಕೇತವಾಗಿ, ಈ ಒಂದು ಸಲಕ್ಕೆ ಮಾತ್ರ ಮೊತ್ತವನ್ನು ಮರಳಿಸುತ್ತಿದ್ದೇವೆ' ಎಂದು ಅದರಲ್ಲಿತ್ತು. ಫೋನಿನಲ್ಲಿ ಕಸ್ತೂರಿಗೆ ಕನ್ನಡ ಮಾಡಿ ಓದಿ ಹೇಳಿದೆ. ಅವಳು ಕೇಳಿದಳು:

'ನನ್ನ ರೊಕ್ಕ ನನಗ ಕೊಡೂದಕ್ಕ ಸದ್ಭಾವನಾ ಅಂತಾರಂದ್ರ, ಇಷ್ಟ ದಿನ ಇಟಗೊಂಡಿದ್ದಕ್ಕ ಏನ ಅಂತಾರಬೇ ಅಕ್ಕಾ?'