ಎರಡು ಬೆರಳಷ್ಟು ತಿರುಗುವ ಕತ್ತು

ಮಾತಾಡುವವರ ಕಡೆಗೆ ಮುಖ ತಿರುಗಿಸುವುದು ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ ಎಂದು ನೀವು ನಂಬಿರಬಹುದು. ನಾನೂ ಹಾಗೆಯೇ ನಂಬಿದ್ದೆ, ವಿನೋಬನಗರದ ನಮ್ಮ ಬೀದಿಗೆ ಸೊಪ್ಪಿನ ಗಾಡಿ ತರುವ ಗಂಗಮ್ಮ ಒಂದು ಬೆಳಿಗ್ಗೆ ಆ ನಂಬಿಕೆಯನ್ನು ಅಲುಗಾಡಿಸುವವರೆಗೆ. ದಂಟಿನ ಸೊಪ್ಪು ಹೇಗೆ ಕೊಡುತ್ತೀಯ ಎಂದು ನಾನು ಕೇಳಿದ್ದೆ. ಕೇಳುವಾಗ ನನ್ನ ಕಣ್ಣುಗಳು ಗಾಡಿಯ ಮೇಲಿದ್ದರೂ ಮುಖ ಮಾತ್ರ ಪಕ್ಕದ ಮನೆಯ ಗೇಟಿನ ಕಡೆಗಿತ್ತಂತೆ. ಆಕೆ ಗೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸೊಪ್ಪು ಇಲ್ಲೈತಮ್ಮ, ಅಲ್ಯಾರ್ನ ಕೇಳ್ತಿದೀಯ?" ಎಂದಳು.

ನಾನು ಎಲ್ಲವನ್ನೂ ತಾರೀಕು ಹಾಕಿ ಬರೆದಿಡುವ ಜಾತಿಯವಳು. ಸಿಲಿಂಡರ್ ಬದಲಿಸಿದ ದಿನ, ಹಲ್ಲುಜ್ಜುವ ಬ್ರಷ್ಷು ಬದಲಿಸಿದ ದಿನ, ವಾರಕ್ಕೆ ಅಮ್ಮ ನನ್ನನ್ನು ಬೇಸರದಿಂದ "ಮಾರಾಯ್ತಿ" ಎಂದು ಕರೆದ ಸಲಗಳು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಗೆರೆ ಎಳೆದ ಅಂಕಣಗಳಿವೆ. ಅಂದು ಸಂಜೆ, "ಗಂಗಮ್ಮನೊಡನೆ ಮಾತು, ಮುಖ ಗೇಟಿಗೆ" ಎಂದು ಬರೆದುಕೊಂಡೆ. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಅದು ಮೇಜಿನ ಮೇಲೆಯೇ ಇತ್ತು.

ಹಗಲೆಲ್ಲ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಸಂಜೆಯಾದರೆ ವಿಮಾನ ಹಾರಿಸುತ್ತೇನೆ. ನಿಜವಾದ ವಿಮಾನವನ್ನು ನಾನಿನ್ನೂ ಹತ್ತಿಲ್ಲ, ಆದರೆ ಕಂಪ್ಯೂಟರಿನೊಳಗಿನ ವಿಮಾನದಲ್ಲಿ ನಮ್ಮೂರಿನ ರನ್‌ವೇಯಿಂದ ಎದ್ದು, ಅಮ್ಮ ಕೊಟ್ಟ ಕಾಫಿ ಆರುವುದರೊಳಗೆ ಭದ್ರಾವತಿಯನ್ನು ಸುತ್ತಿ ಬರಬಲ್ಲೆ. ಇಂಥ ಆಟದಲ್ಲಿ ದೊಡ್ಡ ಸಮಸ್ಯೆ ರೆಕ್ಕೆಯದಲ್ಲ, ಕತ್ತಿನದು. ಪೈಲಟ್ ಎಂಬ ಪ್ರಾಣಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೋಡುತ್ತಲೇ ಇರಬೇಕು, ಪರದೆಯಾದರೋ ಎದುರಿಗೊಂದೇ. ಇದಕ್ಕೆ ಲೋಕ ಎರಡು ಪರಿಹಾರ ಕಂಡುಕೊಂಡಿದೆ, ಮತ್ತು ಎಲ್ಲ ಒಳ್ಳೆಯ ಮತಗಳಂತೆ ಇವುಗಳ ಅನುಯಾಯಿಗಳೂ ಒಬ್ಬರನ್ನೊಬ್ಬರು ಮನುಷ್ಯರೆಂದು ಎಣಿಸುವುದಿಲ್ಲ.

ನನ್ನದು ಹೆಡ್ ಟ್ರ್ಯಾಕಿಂಗ್ ಮತ. ಅಪ್ಪನ ಹಳೆಯ ವಾಕಿಂಗ್ ಟೋಪಿಗೆ ಮೂರು ಪುಟ್ಟ ದೀಪ ಹೊಲಿದಿದ್ದೇನೆ. ಅವುಗಳ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೇಲಿನ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಬೆಳಕೇ ಕಾಣದ ದೀಪಕ್ಕೆ ಕರೆಂಟು ಯಾಕೆ ಎಂಬುದು ಅಮ್ಮ ಇಂದಿಗೂ ಬಿಡದ ಪ್ರಶ್ನೆ. ತಲೆಯನ್ನು ಎರಡು ಬೆರಳಷ್ಟು ಬಲಕ್ಕೆ ತಿರುಗಿಸಿದರೆ ಸಾಕು, ಆಟದ ಜಗತ್ತು ಅದನ್ನು ಹಿಗ್ಗಿಸಿ, ಬಲಗಡೆಯ ರೆಕ್ಕೆಯನ್ನೇ ತಂದು ಪರದೆಯ ನಡುವೆ ನಿಲ್ಲಿಸುತ್ತದೆ. ಆದರೆ ಒಂದು ಷರತ್ತು: ಮುಖ ಅತ್ತ ಹೋದರೂ ಕಣ್ಣು ಪರದೆಯನ್ನು ಬಿಡಕೂಡದು. ಮೂರು ವರ್ಷ ಪ್ರತಿ ಸಂಜೆ ಹೀಗೆ ಸಾಧನೆ ಮಾಡಿದವಳು ಗೇಟಿನ ಕಡೆ ಮುಖ ಮಾಡಿ ದಂಟಿನ ಸೊಪ್ಪು ಕೇಳಿದ್ದರಲ್ಲಿ ಆಶ್ಚರ್ಯವೇನಿದೆ?

ಎದುರುಮತದ ಆಚಾರ್ಯ ನನ್ನ ಚಿಕ್ಕಮ್ಮನ ಮಗ ಪ್ರಮೋದ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಆತ ಯಾರದೋ ಕೈಯಿಂದ ಹಳೆಯ ವಿಆರ್ ಹೆಡ್‌ಸೆಟ್ ಕೊಂಡು ಸರಿಮಾಡಿಕೊಂಡಿದ್ದಾನೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡರೆ ಮನೆ ಮಾಯವಾಗಿ ಸುತ್ತಲೂ ಕಾಕ್‌ಪಿಟ್ಟೇ ಕಾಣುವ ಆ ಲೋಕದಲ್ಲಿ ಹಿಂದೆ ನೋಡಬೇಕೆಂದರೆ ನಿಜವಾಗಿಯೂ ಹಿಂದಕ್ಕೇ ತಿರುಗಬೇಕು. ನನ್ನ ಟೋಪಿಯನ್ನು ಕಂಡಾಗಲೆಲ್ಲ ಅವನದೊಂದೇ ಮಾತು: "ಅಕ್ಕ, ಅದು ವಿಮಾನ ಹಾರ್ಸೋದಲ್ಲ, ವಿಮಾನದ ಸಿನಿಮಾ ನೋಡೋದು." ನಾನು ಅವನ ಪೆಟ್ಟಿಗೆಯ ಬೆವರು, ಭಾರ, ತಲೆಸುತ್ತು, ಕೈಗೆ ಸಿಗದ ಕೀಬೋರ್ಡು, ಎರಡು ಸಲ ಉರುಳಿದ ಚಿಕ್ಕಮ್ಮನ ಕಾಫಿ ಲೋಟ ಇವುಗಳನ್ನು ಪಟ್ಟಿ ಮಾಡಿ ಹೇಳಿ ಗೆದ್ದೆನೆಂದುಕೊಳ್ಳುತ್ತಿದ್ದೆ.

ಈ ವಾದ ವಾದವಾಗಿಯೇ ಉಳಿಯುತ್ತಿತ್ತೇನೋ, ನಡುವೆ ಅಪ್ಪನ ಕತ್ತು ಬರದಿದ್ದರೆ. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಅಪ್ಪನಿಗೆ ಕತ್ತಿನ ಮೂಳೆ ಸವೆದು, ಡಾಕ್ಟರು ಪಟ್ಟಿ ಹಾಕಿ, ಕಾರು ಓಡಿಸುವುದನ್ನು ನಿಲ್ಲಿಸಿದರು. ಅಂದಿನಿಂದ ಅವರು ಯಾರನ್ನಾದರೂ ನೋಡಬೇಕಾದರೆ ಉತ್ಸವಮೂರ್ತಿಯ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ನಿವೃತ್ತಿಗೆ ಮುಂಚಿನ ವರ್ಷ ಆಸೆಪಟ್ಟು ಕೊಂಡ ಕಾರು ಶೆಡ್ಡಿನಲ್ಲಿ ನಿಂತಿತು. ಪ್ರತಿ ಬೆಳಿಗ್ಗೆ ಅದನ್ನು ಒರೆಸುತ್ತಾರೆ, ಮೇಲ್ಭಾಗವೊಂದನ್ನು ಬಿಟ್ಟು, ತಲೆ ಎತ್ತಲಾಗುವುದಿಲ್ಲವಲ್ಲ. ಪರಿಚಯದವರೊಬ್ಬರು ಕಾರು ಕೊಡುತ್ತೀರಾ ಎಂದು ಫೋನಿನ ಮೇಲೆ ಫೋನು ಮಾಡತೊಡಗಿದಾಗ, ನಾನು ಲೈಸೆನ್ಸ್ ತೆಗೆದುಕೊಳ್ಳುತ್ತೇನೆ, ಕಾರು ಎಲ್ಲಿಗೂ ಹೋಗುವುದಿಲ್ಲ ಎಂದು ಸಾರಿಬಿಟ್ಟೆ. ಆಕಾಶವನ್ನೇ ಸಂಭಾಳಿಸಿದವಳಿಗೆ ನೆಲ ಯಾವ ಲೆಕ್ಕ!

ಟೆಸ್ಟಿನ ದಿನ ಮೈದಾನದಲ್ಲಿ ಮುಂದಕ್ಕೆ ಹೋಗುವುದೆಲ್ಲ ಸಲೀಸಾಗಿ ಆಯಿತು. ಆಮೇಲೆ ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರು ಹಿಂದೆ ನೋಡಿಕೊಂಡು ರಿವರ್ಸ್ ತೆಗೆದುಕೊಳ್ಳಲು ಹೇಳಿದರು. ನಾನು ಅತ್ಯಂತ ವಿಧೇಯಳಾಗಿ ಕತ್ತನ್ನು ಎರಡು ಬೆರಳಷ್ಟು ತಿರುಗಿಸಿ, ಕಣ್ಣನ್ನು ಮುಂದಿನ ಗಾಜಿನ ಮೇಲಿಟ್ಟು, ಹಿಂದಿನ ಜಗತ್ತು ಮುಂದಕ್ಕೆ ಬರಲೆಂದು ಕಾದೆ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸದೆ ಬಂದಿದ್ದ ಜಗತ್ತು ಅಂದು ಬರಲಿಲ್ಲ. ಹಿಂದೆ ಗುರುತಿಗೆ ನಿಲ್ಲಿಸಿದ್ದ ಕಂಬ ಬಿದ್ದ ಸದ್ದು ಮಾತ್ರ ಬಂತು.

"ಹಿಂದೆ ನೋಡಿದ್ಯೇನಮ್ಮ?"

"ನೋಡಿದೆ ಸಾರ್."

"ಏನ್ ಕಾಣಿಸ್ತು?"

ಅವರು ಗದರಿಸಿದ್ದರೆ ಚೆನ್ನಾಗಿತ್ತು. ನಿಜವಾಗಿ ತಿಳಿದುಕೊಳ್ಳುವ ಕುತೂಹಲದಿಂದ ಕೇಳಿದರು. ನಾನು ಇಳಿದು ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದೆ.

ಮನೆಯಲ್ಲಿ ಊಟವಾದ ಮೇಲೆ ಅಪ್ಪ ನಿಧಾನವಾಗಿ ನನ್ನ ಕಡೆ ಮೈ ತಿರುಗಿಸಿ, "ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಕೊಟ್ಟುಬಿಡ್ತೀನಿ ಮಗಳೇ, ನಿಂತಲ್ಲೇ ಹಾಳಾಗೋದನ್ನ ದಿನಾ ಒರೆಸಕ್ಕಾಗಲ್ಲ" ಎಂದರು. ನಾನು ಹೂಂ ಎಂದೆ. "ಮುಖ ಕೊಟ್ಟು ಹೇಳು" ಎಂದರು. ನನ್ನ ಮುಖ ಆಗಲೂ ಅಡುಗೆಮನೆಯ ಕಡೆಗಿತ್ತು.

ಡ್ರೈವಿಂಗ್ ಸ್ಕೂಲಿನವರು ಹೇಳಿಕೊಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಹೇಳಿಕೊಟ್ಟಿದ್ದರು. ಅವರು ನೆನಪಿಸಿದಾಗೆಲ್ಲ ಕತ್ತು ಪೂರ್ತಿ ತಿರುಗುತ್ತಿತ್ತು, ಎದೆ ಹೊಡೆದುಕೊಂಡರೆ ಮಾತ್ರ ಹಳೆಯ ಚಾಳಿಗೆ ಮರಳುತ್ತಿತ್ತು. ಆಟದಲ್ಲಿ ಗಾಬರಿಯಾಗಿ ಗಾಬರಿಯಾಗಿ ಕಲಿತದ್ದನ್ನು ಆಟದಲ್ಲೇ ಗಾಬರಿಯಾಗಿ ಮರೆಯಬೇಕು ಎಂದು ತೀರ್ಮಾನಿಸಿ, ಮರುಪರೀಕ್ಷೆಯವರೆಗೆ ಟೋಪಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮುಂದಿನ ಭಾನುವಾರವೇ ಭದ್ರಾವತಿಯ ಬಸ್ಸು ಹತ್ತಿದೆ.

ಪ್ರಮೋದನ ಮುಂದೆ ಕೈಚಾಚುವುದು ಸುಲಭವಾಗಿರಲಿಲ್ಲ. ಅವನು ಹೆಡ್‌ಸೆಟ್ಟನ್ನು ಒರೆಸಿ, ದೀಕ್ಷೆ ಕೊಡುವವನ ಗಾಂಭೀರ್ಯದಿಂದ ನನ್ನ ತಲೆಗೆ ಬಿಗಿದು, "ಬಾ ಅಕ್ಕ, ಸಿನಿಮಾ ಬಿಟ್ಟಾಯ್ತು" ಎಂದ. ನಾನು ಅವನ ಪೆಟ್ಟಿಗೆಯ ಬಗ್ಗೆ ಆಡಿದ್ದೆಲ್ಲ ನಿಜವೆಂದು ಹತ್ತೇ ನಿಮಿಷದಲ್ಲಿ ನನ್ನ ಹೊಟ್ಟೆ ಸಾಬೀತುಪಡಿಸಿತು. ಚಿಕ್ಕಮ್ಮ ನಿಂಬೆಹಣ್ಣು ಮೂಸಲು ಕೊಟ್ಟು, ಮನೆಯ ಕುರ್ಚಿಯ ಮೇಲೆ ಕೂತು ಬಸ್ಸಿನಲ್ಲಾದಂತೆ ಆಗುವುದಕ್ಕೆ ಇಷ್ಟು ಓದಬೇಕಿತ್ತೇ ಎಂದರು. ಆದರೆ ನಾನು ಅವನ ಪೆಟ್ಟಿಗೆಯ ಬಗ್ಗೆ ಆಡದೆ ಬಿಟ್ಟದ್ದೂ ಒಂದಿತ್ತು: ಇಳಿಯುವಾಗ ನೆಲ ಎಷ್ಟು ಹತ್ತಿರ ಎಂದು ಪರದೆಯಲ್ಲಿ ಅಂಕಿ ಓದಿ ತಿಳಿಯುತ್ತಿದ್ದವಳಿಗೆ ಅಲ್ಲಿ ನೆಲವೇ ಪಾದದಡಿಗೆ ಏರಿಬಂದು ತಿಳಿಸಿತು. ರನ್‌ವೇಯ ಪಕ್ಕ ಹಾರಿ ಇಳಿಯಲು ತಿರುಗುವಾಗ ರನ್‌ವೇ ಎಲ್ಲಿದೆ ಎಂದು ನೋಡಲು ಗದ್ದ ಹೆಗಲಿಗೆ ತಾಗುವವರೆಗೆ ಕತ್ತು ತಿರುಗಬೇಕು. ಎರಡು ಬೆರಳಿನ ಕಾಣಿಕೆಗೆ ಆ ಜಗತ್ತು ಒಲಿಯುವುದಿಲ್ಲ.

ಭಾನುವಾರದ ಮೇಲೆ ಭಾನುವಾರ ಹೋದೆ. ದಿನಚರಿಯಲ್ಲಿ ಎರಡು ಅಂಕಣ, "ಪೂರ್ತಿ" ಮತ್ತು "ಎರಡು ಬೆರಳು". ಪ್ರಮೋದ ಪಕ್ಕದಲ್ಲಿ ನಿಂತು ನಿರ್ದಯನಾಗಿ ಗೆರೆ ಎಳೆಯುತ್ತಿದ್ದ. ಮೊದಲು ಎರಡನೆಯ ಅಂಕಣವೇ ತುಂಬುತ್ತಿತ್ತು. ನಿಂಬೆಹಣ್ಣಿನ ಅಗತ್ಯ ತಪ್ಪಿದ ಹೊತ್ತಿಗೆ ಕತ್ತು ನೋಯತೊಡಗಿ, ಮನೆಗೆ ಬಂದು ಅಪ್ಪನ ಮುಲಾಮನ್ನೇ ಹಚ್ಚಿಕೊಂಡೆ. ಎರಡನೆಯ ಅಂಕಣ ಪೂರ್ತಿ ಖಾಲಿ ಉಳಿದ ಭಾನುವಾರ ಪ್ರಮೋದ ಪೆನ್ನಿನ ಮುಚ್ಚಳ ಹಾಕಿ, "ಹೋಗಕ್ಕ, ಕಾರು ಉಳಿಸ್ಕೋ" ಎಂದ. ಅದೊಂದನ್ನು ಅವನು ತಮಾಷೆಯಿಲ್ಲದೆ ಹೇಳಿದ.

ಮರುಪರೀಕ್ಷೆಗೆ ಅಪ್ಪ ಬರುವುದಿಲ್ಲವೆಂದಿದ್ದರು. ಅದೇ ಮೈದಾನ, ಅವೇ ಕಂಬಗಳು, ಅದೇ ಇನ್ಸ್‌ಪೆಕ್ಟರು. ರಿವರ್ಸ್ ಎಂದಾಗ ಎದೆ ಹೊಡೆದುಕೊಂಡಿತು. ಕತ್ತು ಎರಡು ಬೆರಳಿನ ಬಳಿ ಒಂದು ಕ್ಷಣ ತಡೆದು, ಆಮೇಲೆ ಗದ್ದ ಹೆಗಲಿಗೆ ತಾಗುವವರೆಗೂ ಹೋಯಿತು. ಹಿಂದಿನ ಗಾಜಿನಲ್ಲಿ ಕಂಬಗಳು ಕಂಡವು. ಕಂಬಗಳಾಚೆ ಬೇಲಿಯ ಹತ್ತಿರ, ಆಟೋದಲ್ಲಿ ಬಂದಿಳಿದ ಅಪ್ಪ ಕಂಡರು. ಕಾರು ಬಾಗಿ ಬಂದಷ್ಟೂ ಅವರು ಪಾದವನ್ನು ಚೂರುಚೂರೇ ಸರಿಸುತ್ತ, ಪಟ್ಟಿ ಕಟ್ಟಿದ ಕತ್ತಿನೊಂದಿಗೆ ಇಡೀ ಮೈಯನ್ನು ನನ್ನ ಕಡೆಗೆ ತಿರುಗಿಸುತ್ತಿದ್ದರು. ತಿರುಗಲಾರದ ಕತ್ತಿನವರು ಮನೆಯಲ್ಲಿ ಇಷ್ಟು ದಿನ ಪ್ರತಿಯೊಂದು ಮಾತಿಗೂ ಹೀಗೆಯೇ ಪೂರ್ತಿ ತಿರುಗುತ್ತಿದ್ದರು. ತಿರುಗಬಲ್ಲ ಕತ್ತಿನವಳು ನಾನು, ಎರಡು ಬೆರಳಿನಲ್ಲಿ ಮುಗಿಸುತ್ತಿದ್ದೆ.

ಕಾರು ನಿಂತಿತು. "ಏನ್ ಕಾಣಿಸ್ತು?" ಎಂದರು ಇನ್ಸ್‌ಪೆಕ್ಟರು, ಅವರಿಗೂ ನೆನಪಿತ್ತು.

"ನಮ್ಮಪ್ಪ, ಸಾರ್."

"ಕಂಬ ಕಾಣಿಸ್ತಾ ಅಂತ ಕೇಳ್ದೆ."

"ಕಂಬನೂ ಕಾಣಿಸ್ತು ಸಾರ್."

ಅವರು ಸಹಿ ಹಾಕಿದರು. ಬೇಲಿಯ ಬಳಿ ಹೋದಾಗ ಅಪ್ಪ ಫಲಿತಾಂಶ ಕೇಳಲಿಲ್ಲ. ಕಾರಿನ ಮೇಲ್ಭಾಗ ಧೂಳಾಗಿದೆ, ಮನೆಗೆ ಹೋಗಿ ಒರೆಸು ಎಂದರು.

ಟೋಪಿ ಮೇಲೋ ಪೆಟ್ಟಿಗೆ ಮೇಲೋ ಎಂಬುದನ್ನು ತೀರ್ಮಾನಿಸದೆ ಹೋದರೆ ಪ್ರಮೋದ ನನ್ನನ್ನು ಬಿಡುವುದಿಲ್ಲ. ದೂರದ ಹಾರಾಟಕ್ಕೆ ನಾನು ಈಗಲೂ ಟೋಪಿಯವಳೇ: ಕಾಫಿ ಕುಡಿಯಬಹುದು, ದಿನಚರಿ ಬರೆಯಬಹುದು, ಅಮ್ಮ ಕರೆದರೆ ಕೇಳಿಸುತ್ತದೆ. ಇಳಿಯುವುದನ್ನು ಕಲಿಯಲು ಅವನ ಪೆಟ್ಟಿಗೆಯೇ ಸರಿ. ಆದರೆ ಟೋಪಿ ತೆಗೆದಿಟ್ಟ ಕೂಡಲೇ ಎರಡೂ ಹೆಗಲಿಗೆ ಗದ್ದ ತಾಗಿಸಿ ಹಿಂದೆ ನೋಡುವುದನ್ನು ನಿಯಮ ಮಾಡಿಕೊಂಡಿದ್ದೇನೆ. ಬಹುತೇಕ ದಿನ ಗೋಡೆಯ ಕ್ಯಾಲೆಂಡರ್ ಕಾಣುತ್ತದೆ, ಕೆಲವು ದಿನ ಬಾಗಿಲಲ್ಲಿ ನಿಂತ ಅಮ್ಮ.

ಮೊನ್ನೆ ಕಾರನ್ನು ಗೇಟಿನಿಂದ ಹಿಂದಕ್ಕೆ ತೆಗೆಯುತ್ತಿದ್ದಾಗ ಸೊಪ್ಪಿನ ಗಾಡಿ ಬಂತು. ನಿಲ್ಲಿಸಿ, ಇಳಿದು, ಗಂಗಮ್ಮನ ಎದುರು ನಿಂತು, ಅವಳ ಮುಖಕ್ಕೆ ಮುಖ ಕೊಟ್ಟು ದಂಟಿನ ಸೊಪ್ಪು ಹೇಗೆ ಎಂದು ಕೇಳಿದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಹಿಂಗ್ಯಾಕೆ ದುರುಗುಟ್ಟಿ ನೋಡ್ತೀಯಮ್ಮ, ತಾಜಾನೇ ಐತೆ."